ಟಬ್ಬಿನ ತೂತಿಗೆ ನನ್ನ ಬೂಟು

ಚಿಕ್ಕಪ್ಪನ ಹೋಂಸ್ಟೇಯ ಮಹಡಿ ಕೋಣೆಗೆ ಬಾತ್‌ಟಬ್ ಬಂದ ದಿನ ನಾನು ಅದರೊಳಗೆ ಮಲಗಿ, ದುಬಾರೆಯ ಆನೆ ಮೈ ಉಜ್ಜಿಸಿಕೊಳ್ಳುವುದನ್ನು ಮಾಡಿ ತೋರಿಸಿದ್ದೆ. ಟಬ್ಬಿನಲ್ಲಿ ಒಂದು ಹನಿ ನೀರಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಟಬ್ ಕೂರಿಸುತ್ತಿದ್ದವನು ಚಿಕ್ಕಪ್ಪನ ಮಗ, ನನ್ನ ಅಣ್ಣ. ಅವನಂತೂ ಸ್ಪ್ಯಾನರ್ ಹಿಡಿದುಕೊಂಡೇ ನೆಲಕ್ಕೆ ಕೂತ. ನನಗೆ ಬರುವ ಕಸುಬು ಅದೊಂದೇ, ನಕಲು ಮಾಡಿ ನಗಿಸುವುದು. ಅಣ್ಣ ನಕ್ಕರೆ ನನಗೆ ಅಂದಿನ ಊಟ ಬೇಡ.

ಅತಿಥಿಗಳು ಬರತೊಡಗಿದ ಮೇಲೆ ಕೆಳಗಿನ ಊಟದ ಕೋಣೆಯ ಸೀಲಿಂಗಿನಲ್ಲಿ ಕಂದು ಕಲೆಯೊಂದು ಕಾಣಿಸಿತು. ಆಮೇಲೆ ಅದು ತೊಟ್ಟಿಕ್ಕಿತು, ಅದೂ ಅತಿಥಿಯೊಬ್ಬರ ತಟ್ಟೆಯ ಕಡಂಬುಟ್ಟಿನ, ಅಂದರೆ ಅಕ್ಕಿ ಕಡುಬಿನ ಮೇಲೆ. ಚಿಕ್ಕಪ್ಪ ಮೊದಲು ಮೇಲೆ ನೋಡಿದರು, ನಂತರ ನನ್ನನ್ನು.

"ಆನೆ ಇನ್ನೂ ಮೀಯ್ತಾ ಉಂಟಾ?"

ಕೋಣೆ ಖಾಲಿ ಇದ್ದಾಗ ನಾನು ಟಬ್ ತುಂಬಿಸಿ ಹೊರಳಾಡುತ್ತೇನೆ, ನೆಲಕ್ಕೆ ಚೆಲ್ಲಿದ ನೀರು ಕೆಳಗಿಳಿಯುತ್ತದೆ ಎಂದು ತೀರ್ಪಾಯಿತು. ಇಲ್ಲವೆಂದು ಆಣೆ ಹಾಕಿದೆ. ಆದರೆ ಆಣೆ ಹಾಕುವ ಚಿಕ್ಕಪ್ಪನನ್ನು ಹಿಂದಿನ ವಾರವಷ್ಟೇ ಅನುಕರಿಸಿದ್ದೆ; ನನ್ನ ಆಣೆಯೂ ಆ ನಕಲಿನಂತೆಯೇ ಕೇಳಿಸಿತು. ಆಸರೆಗೆಂದು ಅಣ್ಣನ ಮುಖ ನೋಡಿದೆ. ಅವನು ಸಾರು ಬಡಿಸಿಕೊಳ್ಳುತ್ತ, "ಇವನನ್ನು ಬಿಟ್ಟು ಇನ್ಯಾರು" ಎಂದ. ಅತಿಥಿಗಳಿಗೆ ಕೋಣೆ ತೋರಿಸುವುದು ನನ್ನ ಕೆಲಸ, ನನ್ನ ಪ್ರೇಕ್ಷಕರೆಲ್ಲ ಸಿಗುವುದೇ ಅಲ್ಲಿ. ಚಿಕ್ಕಪ್ಪ ಕೀಲಿಗೊಂಚಲನ್ನು ಕಿತ್ತುಕೊಂಡರು. ಅದು ಮತ್ತೆ ಬೇಕಿದ್ದರೆ, ಸೋರಿಕೆ ನನ್ನಿಂದಲ್ಲ ಎಂದು ತೋರಿಸಬೇಕಿತ್ತು.

ಮರುದಿನ ಚಿಕ್ಕಮ್ಮನನ್ನು ಕಾಡಿ ಕೀಲಿ ಪಡೆದೆ. ಅವರನ್ನು ಕಲೆಯ ಕೆಳಗೆ ನಿಲ್ಲಿಸಿ ಮೇಲೆ ಹೋದೆ. ನೆಲಕ್ಕೆ ಬಕೆಟ್ ನೀರು ಸುರಿದೆ, ಏನೂ ಬೀಳಲಿಲ್ಲ. ಟಬ್ಬಿಗೆ ಅರ್ಧ ನೀರು ಬಿಟ್ಟು, ತಳದ ಬಿರಡೆ ಕಿತ್ತು ಹರಿಸಿದೆ, ಆಗಲೂ ಇಲ್ಲ. ಉಳಿದದ್ದು, ಟಬ್ ತುಂಬಿದರೆ ಹೆಚ್ಚಿನ ನೀರು ಹೊರಹೋಗಲೆಂದು ಅಂಚಿನ ಕೆಳಗೆ ಇಟ್ಟಿದ್ದ ತೂತು. ಅದರೊಳಗೆ ಚೊಂಬಿನಿಂದ ನೀರು ಹುಯ್ದೆ.

"ಬಿತ್ತು" ಎಂದರು ಕೆಳಗಿಂದ ಚಿಕ್ಕಮ್ಮ.

ತೂತಿನ ಸ್ಟೀಲ್ ಮುಚ್ಚಳ ಬಿಚ್ಚಿದೆ. ಟಬ್ಬಿನ ಗೋಡೆಗೂ ಹಿಂದಿನ ಪೈಪಿನ ಬಾಯಿಗೂ ನಡುವೆ ದಪ್ಪ ರಬ್ಬರ್ ವಾಷರ್ ಇರಬೇಕು. ಅಲ್ಲಿ ಇದ್ದದ್ದು ಕತ್ತರಿಯಿಂದ ಕತ್ತರಿಸಿದ ಕರಿ ರಬ್ಬರಿನ ಬಳೆ, ಒಳಮೈಗೆ ಹಸಿರು ಬಟ್ಟೆ. ಬಟ್ಟೆ ದೀಪದ ಬತ್ತಿಯ ಹಾಗೆ ನೀರನ್ನು ಎಳೆದು ಹಿಂದಕ್ಕೆ ತೊಟ್ಟಿಕ್ಕಿಸುತ್ತಿತ್ತು. ಬಳೆಯ ಮೇಲೆ ಬಿಳಿ ಪೈಂಟಿನಲ್ಲಿ ನನ್ನ ಹೆಸರಿನ ಮೊದಲಕ್ಷರ, ಅರ್ಧ.

ಟಬ್ ಬಂದ ವಾರ ನನ್ನ ಎಡಗಾಲಿನ ಗಮ್‌ಬೂಟಿನ, ನಾನು ಹೆಸರು ಬರೆದಿದ್ದ ಮೇಲ್ತುದಿ ಕಾಣೆಯಾಗಿತ್ತು. ನಾಯಿ ತಿಂದಿತು ಎಂದಿದ್ದ ಅಣ್ಣ. ನಂಬಿದ ನಾನು ಬೂಟು ಅಗಿಯುವ ನಾಯಿಯನ್ನೂ ಅವನಿಗೆ ಮಾಡಿ ತೋರಿಸಿದ್ದೆ. ಅವನು ನಕ್ಕದ್ದು ನಾಯಿಗಲ್ಲ.

ಕೇಳಿದಾಗ ಅಣ್ಣ ಅಲ್ಲಗಳೆಯಲಿಲ್ಲ. ಟಬ್ಬಿನ ಜೊತೆ ಬಂದ ಡಬ್ಬಿಯಲ್ಲಿ ವಾಷರ್ ಇರಲಿಲ್ಲವಂತೆ, ಅದೊಂದಕ್ಕಾಗಿ ಮತ್ತೆ ಮಡಿಕೇರಿಗೆ ಹೋಗಲು ಬೇಜಾರಂತೆ.

"ನಿನ್ನ ಮೇಲೆ ಬಂದ್ರೆ ಎಲ್ಲ ನಗಾಡಿ ಮರೀತಾರೆ ಮಾರಾಯ. ನನ್ನ ಮೇಲೆ ಬಂದ್ರೆ ಅಪ್ಪ ಜನ್ಮಕ್ಕೂ ಬಿಡುದಿಲ್ಲ."

ಬಸ್ಸು ಹತ್ತಿ ಮಡಿಕೇರಿಯಿಂದ ಅಸಲಿ ವಾಷರ್ ತಂದೆ. ಅದರ ದಪ್ಪನೆಯ ಬದಿ ಕೆಳಗೆ ಬರುವಂತೆ ಕೂರಿಸಿ, ಮುಚ್ಚಳದ ಸ್ಕ್ರೂ ಬಿಗಿಸಿ, ತೂತು ಮುಳುಗುವ ತನಕ ನೀರು ತುಂಬಿಸಿದೆ. ಸೀಲಿಂಗ್ ಒಣಗಿಯೇ ಇತ್ತು.

ಊಟಕ್ಕೆ ಕೂತಾಗ ಆ ಬಳೆಯನ್ನು ಚಿಕ್ಕಪ್ಪನ ತಟ್ಟೆಯ ಪಕ್ಕದಲ್ಲಿಟ್ಟು, ಅಣ್ಣ ಹೇಳಿದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ, ಹಾಳು ಅಭ್ಯಾಸ, ಅವನ ಧ್ವನಿಯೇ ಬಂದುಬಿಟ್ಟಿತು. ಎಲ್ಲರೂ ನಕ್ಕರು. ಚಿಕ್ಕಪ್ಪ ಕಣ್ಣೊರೆಸಿಕೊಂಡು ಬಳೆಯನ್ನು ತಿರುಗಿಸಿ ನೋಡಿದರು.

"ಬೂಟು ನಿಂದು, ಹೆಸರೂ ನಿಂದು. ಮತ್ತೆ ಅವನ ಮೇಲೆ ಯಾಕೆ ಹಾಕ್ತೀಯ?"

ಅಣ್ಣ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಉಪ್ಪಿನಕಾಯಿ ಕೇಳಿದ.

ಕೀಲಿಗೊಂಚಲು ಮರಳಿ ಸಿಕ್ಕಿತು, ಹಾಳು ಮಾಡಿದವನೇ ರಿಪೇರಿಯನ್ನೂ ಮಾಡಿದನಲ್ಲ ಎಂಬ ಶಾಭಾಸ್‌ಗಿರಿಯ ಜೊತೆಗೆ. ತೋಟಕ್ಕೆ ಈಗಲೂ ಆ ಗಿಡ್ಡ ಬೂಟಿನಲ್ಲೇ ಹೋಗುತ್ತೇನೆ. ಎಡಗಾಲಿಗೆ ಜಿಗಣೆ ಹತ್ತಿದಾಗ ಅದನ್ನು ಬಿಡಿಸಲು ಅಣ್ಣ ಉಪ್ಪಿನ ಪೊಟ್ಟಣ ಚಾಚುತ್ತಾನೆ, ಮುಖ ಬೇರೆ ಕಡೆ ಮಾಡಿಕೊಂಡು.