ಕೊನೆಯ ಮನೆಯ ನಲ್ಲಿ

ನಮ್ಮ ಬೀದಿಯಲ್ಲಿ ನೀರು ಹಿಡಿಯಬೇಕೆಂದರೆ ಗುಂಡಿಗೆ ಇಳಿಯಬೇಕು. ನಗಬೇಡಿ. ಚನ್ನಗಿರಿಗೆ ಬಂದವರು ಬೇಕಾದರೆ ನೋಡಿಕೊಂಡು ಹೋಗಿ. ಒಂದೊಂದು ಮನೆಯ ಮುಂದೂ ಒಂದೊಂದು ಗುಂಡಿ, ಅದಕ್ಕೆ ಕಲ್ಲಿನ ಮೆಟ್ಟಿಲು, ತಳದಲ್ಲಿ ನಲ್ಲಿ.

ಶುರು ಮಾಡಿದವರು ಅಡಿಕೆ ವ್ಯಾಪಾರದ ರುದ್ರಪ್ಪನವರು. ಪ್ರೆಶರ್ ಇಲ್ಲ, ನೀರು ಮೇಲೇರುತ್ತಿಲ್ಲ ಎಂದು ಪೈಪು ಕತ್ತರಿಸಿ, ನಲ್ಲಿಯನ್ನು ಮೊಣಕಾಲುದ್ದ ಕೆಳಗಿಳಿಸಿದರು. ನೀರು ಧೋ ಎಂದು ಬಂತು. ಪಕ್ಕದ ಮನೆಯದು ನಿಂತಿತು. ಅವರು ಸುಮ್ಮನಿರುತ್ತಾರೆಯೇ? ಸೊಂಟದಷ್ಟು ತೋಡಿದರು. ಅವರ ಪಕ್ಕದವರು ಎದೆಮಟ್ಟ. ನಮ್ಮನೆಯದೂ ಎದೆಮಟ್ಟವೇ. (ತೋಡಿಸಿದ್ದು ನನ್ನ ಹೆಂಡತಿ ಎಂದು ಜಾರಿಕೊಳ್ಳಬಹುದು. ಆದರೆ ಆಳನ್ನು ಕರೆತಂದವನು ನಾನೇ.)

ಬೀದಿಗೆ ಬರುವ ನೀರು ಮಾತ್ರ ಒಂದು ಹನಿಯೂ ಹೆಚ್ಚಲಿಲ್ಲ.

"ನಮ್ಮನೆ ಮುಂದೆ ನಾವು ಗುಂಡಿ ತೋಡಾಕೆ ಯಾರನ್ನ ಕೇಳ್ಬೇಕ್ರೀ?" ಎಂದು ರುದ್ರಪ್ಪನವರು ಅಂದಾಗ ನಾವೆಲ್ಲ ಹೌದಲ್ಲ ಎಂದೆವು. ಕಂದಾಯ ಕಟ್ಟುತ್ತೇವೆ. ನಮ್ಮ ನಲ್ಲಿ, ನಮ್ಮ ಇಷ್ಟ.

ಬೀದಿಯ ಕೊನೆಯ ಮನೆ ಹಾಲಮ್ಮನವರದು. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಅವರ ಮನೆ ಮುಂದೆ ನೆಲವೆಲ್ಲ ಬಂಡೆ, ತೋಡುತ್ತೇನೆಂದರೂ ಆಗದು. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬರುತ್ತಿತ್ತು. ಇದೇ ಹೊತ್ತಿಗೆ ಮಗಳು ಕೊಟ್ರಮ್ಮ ಜಗಳೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಮಗು. ಹಸಿ ಬಾಣಂತಿಗೂ ಕೂಸಿಗೂ ಎರೆಯಲು ಹಂಡೆಗಟ್ಟಲೆ ನೀರು ಬೇಕು, ಬಟ್ಟೆ ಒಗೆತ ಬೇರೆ.

ಹಾಲಮ್ಮ ಕೊಡ ಹಿಡಿದು ಮನೆ ಮನೆಗೆ ಬರತೊಡಗಿದರು. ಯಾರೂ ಇಲ್ಲ ಅನ್ನಲಿಲ್ಲ, ಅದನ್ನೂ ಹೇಳಬೇಕು. ನಮ್ಮವಳು ನೀರಿನ ಜೊತೆಗೆ ಬಾಣಂತಿಗೆಂದು ಬೆಳ್ಳುಳ್ಳಿಯನ್ನೂ ಕೊಟ್ಟಳು. ಪಾಪ, ಬಾಣಂತಿ ಮನೆ ಎಂದು ಬೀದಿಗೆ ಬೀದಿಯೇ ಮರುಗಿತು. ಕೊಟ್ಟ ಮೇಲೆ ಮನಸ್ಸಿಗೆ ಎಂಥದೋ ಸಮಾಧಾನ. ಪುಣ್ಯ ಬಂತಲ್ಲ!

ಒಂದು ಬೆಳಿಗ್ಗೆ ಹಾಲಮ್ಮ ಬಂದವರು, ನಮ್ಮ ಜಗಲಿಯ ಮೇಲೆ ತುಂಬಿಸಿಟ್ಟ ಕೊಡವನ್ನು ಮುಟ್ಟಲಿಲ್ಲ.

"ಯಾಕ್ ಹಾಲಮ್ಮಾರೇ, ಏನಾತು?" ಎಂದಳು ನನ್ನ ಹೆಂಡತಿ.

"ಬ್ಯಾಡವ್ವ. ನನ್ನ ನಲ್ಲಿ ನೀರು ನೀವು ಹಿಡ್ಕಂಡು, ನನಗೇ ದಾನ ಕೊಡ್ತೀರಲ್ಲ. ದಿನಾ ಕೈಯೊಡ್ಡಿ ಸಾಕಾಗೈತೆ."

ದನಿ ಏರಿಸಲಿಲ್ಲ. ತಿರುಗಿ ನಡೆದರು. ನನಗೆ ಸಿಟ್ಟೇ ಬಂತು, ಸುಳ್ಳೇಕೆ ಹೇಳಲಿ? ಕೊಟ್ಟವರಿಗೇ ಈ ಮಾತೇ? ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು.

ಅಂದು ಸಂಜೆ ಬೀದಿಯವರನ್ನೆಲ್ಲ ಜಗಲಿಗೆ ಕರೆದೆ. ಗುಂಡಿ ಮುಚ್ಚೋಣ, ಎಲ್ಲರ ನಲ್ಲಿಯೂ ಒಂದೇ ಮಟ್ಟಕ್ಕೆ ಬರಲಿ ಎಂದೆ. ಎಲ್ಲರೂ ಒಪ್ಪಿದರು. ನಿಜಕ್ಕೂ ಒಪ್ಪಿದರು!

"ಮುಚ್ಚಾನ ಬಿಡ್ರಿ. ಮದ್ಲು ನೀವು ಮುಚ್ರಿ, ನಿಮ್ಮ ಹಿಂದೇನೇ ನಾವು," ಎಂದರು ರುದ್ರಪ್ಪನವರು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗುಂಡಿ ನೋಡಿದಳು. "ನಾವು ಮುಚ್ಚಿ, ಅವರು ಮುಚ್ಚದೇ ಹೋದ್ರೆ?" ಎಂದಳು. ಆ ಮಾತು ಎಲ್ಲರ ಮನೆಯಲ್ಲೂ ಆಗಿರಬೇಕು. ಯಾರೂ ಸಲಿಕೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ, ಕಷ್ಟವೇ ಅದು. ಎಲ್ಲರೂ ತಮ್ಮ ಮನೆಯ ಹಂಡೆ ತುಂಬಿಸಿಕೊಂಡವರು, ಅಷ್ಟೇ. ಸ್ವಾತಂತ್ರ್ಯ ಅಂದರೆ ಪಕ್ಕದ ಮನೆಗಿಂತ ಒಂದು ಗೇಣು ಹೆಚ್ಚು ತೋಡುವುದೇ?

ಹೋದ ವಾರ ಕೊಟ್ರಮ್ಮ ಹೊರಟು ನಿಂತಳು. ಬಾಣಂತನ ಅರ್ಧಕ್ಕೇ ಬಿಟ್ಟು, ಎಳೆಗೂಸನ್ನು ಎತ್ತಿಕೊಂಡು. ತವರಿನವರಿಗೆ ಇದಕ್ಕಿಂತ ಅವಮಾನ ಉಂಟೆ? ಹಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ನೋಡಲಾಗಲಿಲ್ಲ. ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ದಾವಣಗೆರೆ ಬಸ್ಸು, ಅಲ್ಲಿಂದ ಜಗಳೂರು.

"ಅಲ್ಲವ್ವ, ನಿಮ್ಮ ಜಗಳೂರಾಗೆ ನೀರಿಗೆ ಇನ್ನೂ ಬರ ಅಲ್ವೇನು?" ಎಂದೆ. ಕೇಳಬಾರದಿತ್ತು.

"ಬರಾನೇ ಅಣ್ಣಾರೇ. ಇಡೀ ಓಣಿಗೆ ಒಂದೇ ಬೋರಿಂಗು," ಎಂದಳು, ಕೂಸಿನ ತಲೆಗೆ ಸೆರಗು ಹೊದಿಸುತ್ತ. "ಆದ್ರೆ ಅಲ್ಲಿ ಪಾಳಿ ಐತೆ. ನಮ್ಮ ಪಾಳಿ ಬಂದ್ರೆ ನಾವು ಹಿಡ್ಕಂತೀವಿ. ಯಾರ ಹಂಗೂ ಇಲ್ಲ."

ಬಸ್ಸು ಹೊರಟಿತು. ನೀರಿಗಾಗಿ ಬಾಣಂತಿಯೊಬ್ಬಳನ್ನು ಜಗಳೂರಿಗೆ ಅಟ್ಟಿದ ಬೀದಿ ನಮ್ಮದಲ್ಲದೆ ಇನ್ನೊಂದಿದೆಯೇ?