ಅಟ್ಟದ ಕೆಳಗಿನ ಲ್ಯಾಪ್‌ಟಾಪ್

ಈ ಲ್ಯಾಪ್‌ಟಾಪ್ ನನ್ನದು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಈ ಮಾತಿಗೆ ಬೆಲೆಯೇ ಇರಲಿಲ್ಲ. ಮದುವೆಗೆ ಮುಂಚೆ ತುರುವೇಕೆರೆಯ ಶಾಲೆಯೊಂದರಲ್ಲಿ ಪಾಠ ಹೇಳಿ, ಆ ಸಂಬಳದಲ್ಲಿ ಕೊಂಡದ್ದು. ನಾನು ಬರೆದದ್ದೆಲ್ಲ ಇದರಲ್ಲೇ. ಮದುವೆಯಾದ ಹೊಸತರಲ್ಲಿ ಕೆಟ್ಟಾಗ ಗಂಡ ತಿಪಟೂರಿನ ಅಂಗಡಿಗೆ ಒಯ್ದರು. ಅಂಗಡಿಯವನು ಬರಹಗಳನ್ನು ಉಳಿಸಿ, ಸಿಸ್ಟಮ್ ಹೊಸದಾಗಿ ಹಾಕುವಾಗ, ತಂದುಕೊಟ್ಟವರ ಹೆಸರನ್ನೇ ಅದಕ್ಕೂ ಇಟ್ಟ. ಅಂದಿನಿಂದ ತೆರೆದಾಗಲೆಲ್ಲ ಪರದೆ ನನ್ನ ಗಂಡನಿಗೆ ಸ್ವಾಗತ ಕೋರುತ್ತಿತ್ತು. ಬದಲಾಯಿಸಲು ಆಗ ನನಗೆ ಬರುತ್ತಿರಲಿಲ್ಲ. ಅಂಗಡಿಯವನಿಗೆ ಹೇಳಿ ಸರಿಮಾಡಿಸಿ ಅಂದರೆ ಗಂಡ ನಕ್ಕರು.

“ಯಾರ ಹೆಸ್ರಾದ್ರೇನೇ, ಓಡ್ತೈತಲ್ಲ, ಬುಡು.”

ಈಚೆಗೆ ಅದರ ಹಳೆಯ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಇಲ್ಲ, ಹೊಸದು ಇದರಲ್ಲಿ ನಡೆಯುವುದಿಲ್ಲ ಎಂಬ ಸೂಚನೆ ಬರತೊಡಗಿತು. ಕೀಲಿಗಳು ಸರಿಯಿವೆ, ಪರದೆ ಸರಿಯಿದೆ, ಬ್ಯಾಟರಿ ಸತ್ತಿದ್ದರೂ ವೈರು ಸಿಕ್ಕಿಸಿದರೆ ಕೆಲಸ ಮಾಡುತ್ತದೆ. ಎಲ್ಲೋ ಕೂತವರು ಇದಕ್ಕೆ ವಯಸ್ಸಾಯಿತು ಎಂದರೆ ನಾನು ಎತ್ತಿ ಬಿಸಾಕಬೇಕೇ? ಮೈಯೆಲ್ಲ ಉರಿದುಹೋಯಿತು. ಗಂಡ ಹೊಸದು ತರೋಣ, ಮನೆಗೆಲ್ಲ ಒಂದು ಆಗುತ್ತದೆ ಅಂದರು. ಹಾಗೆ ಮನೆಗೆಲ್ಲ ಅಂತ ತಂದ ಟೀವಿಯ ರಿಮೋಟ್ ನನ್ನ ಕೈಗೆ ಸಿಗುವುದು ಕರೆಂಟ್ ಹೋದಾಗ ಮಾತ್ರ. ಇದು ಸತ್ತರೆ ನನ್ನದು ಅಂತ ಆ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ಹಳೆಯ ಸಿಸ್ಟಮ್ ತೆಗೆದು ಅದರ ಬದಲು ಲಿನಕ್ಸ್ ಹಾಕಲು ನಿರ್ಧರಿಸಿದೆ. ಬಿಟ್ಟಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಬರಹಗಳನ್ನು ಒಂದು ಪೆನ್‌ಡ್ರೈವಿಗೆ, ಲಿನಕ್ಸನ್ನು ಇನ್ನೊಂದಕ್ಕೆ ಇಳಿಸಿಕೊಂಡು, ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಕೂತೆ. ಹಳೆಯದು ಅಳಿಸಿಹೋಗಿ, ಹೊಸದು ಇನ್ನೂ ಇಳಿಯುತ್ತಿತ್ತು. ಲ್ಯಾಪ್‌ಟಾಪಿನ ಫ್ಯಾನು ಜೋರಾಗಿ ತಿರುಗಿತು, ಒಳಗಿನ ಧೂಳು ಕಾದು ವಾಸನೆ ಬಂತು. ಅಷ್ಟೇ, ಪರದೆ ಪಟ್ಟನೆ ಕಪ್ಪಾಯಿತು.

ಮಾವ ಮೇನ್ ಸ್ವಿಚ್ ಇಳಿಸಿದ್ದರು.

“ಸುಟ್ಟ ವಾಸ್ನೆ ಬಂತು ಕಣವ್ವ. ಮೇಲೆ ಕಾಯಿ ಅವೆ.”

ನಮ್ಮ ಕಡೆ ಯಾರಾದರೂ ಇದನ್ನೇ ಮಾಡುತ್ತಾರೆ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದ ಕಾಯಿ ಹತ್ತಿರ ಹತ್ತಿರ ವರ್ಷ ತಲೆಯ ಮೇಲೆ ಒಣಗುತ್ತಿರುತ್ತದೆ. ಒಂದು ಕಿಡಿ ಸಾಕು. ವಾಸನೆ ಬಂದರೆ ಮೊದಲು ಮೇನ್, ಆಮೇಲೆ ಮಾತು. ನನಗೂ ಗೊತ್ತು. ಗೊತ್ತಿದ್ದೂ ಸಿಟ್ಟು ಇಳಿಯಲಿಲ್ಲ. ಪಕ್ಕದಲ್ಲೇ ಕೂತಿದ್ದೆನಲ್ಲ, ಒಂದು ಮಾತು ಕೇಳಬಹುದಿತ್ತು. ಮತ್ತೆ ಆನ್ ಮಾಡಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸಂಜೆ ಗಂಡ ಬಂದು ನೋಡಿ, ನಾನು ಹೇಳಲಿಲ್ಲವಾ ಅನ್ನುವ ಮುಖ ಮಾಡಿ, ಭಾನುವಾರ ತಿಪಟೂರಿಗೆ ಹೋಗೋಣ ಅಂದರು.

ಮಾರನೆಯ ದಿನ ಫ್ಯಾನಿನ ಧೂಳು ತೆಗೆದು, ಲ್ಯಾಪ್‌ಟಾಪನ್ನು ಮೇನ್ ಸ್ವಿಚ್ಚಿನ ಕೆಳಗೇ ಸ್ಟೂಲಿನ ಮೇಲಿಟ್ಟು ಮೊದಲಿಂದ ಶುರು ಮಾಡಿದೆ. ಫ್ಯಾನು ಸದ್ದು ಮಾಡಿದ ಕೂಡಲೇ ಮಾವ ಎದ್ದು ಬಂದರು. ಸ್ವಿಚ್ಚಿಗೆ ಅಡ್ಡ ನಿಂತೆ. ಆ ಮನೆಗೆ ಬಂದಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಮಾವ, ಇವತ್ತು ಮೇನ್ ಇಳಿಸಿದ್ರೆ ಅಟ್ಟದ ಕಾಯೆಲ್ಲ ನಾನೇ ಅಂಗಳಕ್ಕೆ ಉರುಳಿಸ್ತೀನಿ.”

ಒಣಗುವ ಮುಂಚೆ ಇಳಿಸಿದ ಕಾಯಿ ಕೊಬ್ಬರಿಯಾಗದೆ ಕೆಡುತ್ತದೆಂದು ಅವರಿಗೆ ಹೇಳಬೇಕಿರಲಿಲ್ಲ. ಒಮ್ಮೆ ಅಟ್ಟ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಹಿತ್ತಲಿನಿಂದ ಒಂದು ಬಕೆಟ್ ಮರಳು ತಂದು ನನ್ನ ಪಕ್ಕದಲ್ಲಿಟ್ಟು, ಜಗಲಿಗೆ ಹೋಗಿ ಕೂತರು.

ಅರ್ಧ ಇಳಿದ ಮೇಲೆ ಲಿನಕ್ಸ್ ಬಳಸುವವರ ಹೆಸರು ಕೇಳಿತು. ನನ್ನ ಹೆಸರು ಬರೆದೆ.

ಸಂಜೆ ಗಂಡ ಲ್ಯಾಪ್‌ಟಾಪ್ ಬೆಳಗುತ್ತಿರುವುದನ್ನು ಕಂಡು, ಎಂದಿನಂತೆ ಕೊಬ್ಬರಿ ರೇಟು ನೋಡಲು ಹತ್ತಿರ ಎಳೆದುಕೊಂಡರು. ಪರದೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ಪಾಸ್‌ವರ್ಡ್ ಕೇಳುವ ಖಾಲಿ ಜಾಗ.

“ನನ್ನೆಸ್ರು ಎಲ್ಲೋಯ್ತೇ?”

ಸೊಪ್ಪು ಬಿಡಿಸುತ್ತ ಕೂತಿದ್ದ ನಾನು ತಲೆ ಎತ್ತಲಿಲ್ಲ.

“ಯಾರ ಹೆಸ್ರಾದ್ರೇನು, ಓಡ್ತೈತಲ್ಲ, ಬುಡಿ.”