ಅಪ್ಪ ಕಟ್ಟಿದ ಮಟ್ಟು

ರೇಷ್ಮೆ ಸೀರೆಯ ನುಸಿಗುಳಿಗೆ ವಾಸನೆ ನಿಮಗೆ ಮದುವೆಮನೆಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ನಮ್ಮಪ್ಪನ ಕಾಲು ಹಾರ್ಮೋನಿಯಂ. ಹುಳ ಹಿಡಿಯದಿರಲೆಂದು ಅಪ್ಪ ಅದರೊಳಗೂ ಆ ಗುಳಿಗೆ ಇಡುತ್ತಿದ್ದರು. ಮುಚ್ಚಳ ತೆಗೆದರೆ ಸಾಕು, ಹನಕೆರೆಯ ನಮ್ಮ ಹೆಂಚಿನ ಮನೆಯ ಪಡಸಾಲೆಯೆಲ್ಲ ಅದೇ ವಾಸನೆ. ಮೊನ್ನೆ ಮದ್ದೂರಿನ ಛತ್ರವೊಂದರಲ್ಲಿ ಮದುವೆಗೆ ಹೋಗಿ, ನೆಂಟರ ಸೀರೆಗಳ ನಡುವೆ ಅದೇ ವಾಸನೆ ಹೀರುತ್ತಾ ಕೂತಿದ್ದೆ. ವೇದಿಕೆಯ ಮೇಲೆ ಹಾಡುವ ಹುಡುಗಿ ಮೈಕ್ ಹಿಡಿದು, ‘ಮುಂದಿನದು ನಮ್ಮ ಮಂಡ್ಯ ಸೀಮೆಯ ಜಾನಪದ ಗೀತೆ. ಯಾರು ಕಟ್ಟಿದ್ದೋ ಯಾರಿಗೂ ಗೊತ್ತಿಲ್ಲ’ ಎಂದಳು. ಹಾಡು ಶುರುವಾಯಿತು: ಅಳಬೇಡ ಮಗಳೇ, ತೂಬಿನ ನೀರು ಹರಿಯುತಿದೆ. ನನಗೆ ಮೈಯೆಲ್ಲ ಉರಿಯಿತು. ಯಾರಿಗೂ ಗೊತ್ತಿಲ್ಲವಂತೆ! ನನಗೆ ಗೊತ್ತು. ಅದನ್ನು ಕಟ್ಟಿದ್ದು ನಮ್ಮಪ್ಪ, ಡ್ರಾಮಾ ಮೇಷ್ಟ್ರು ಪುಟ್ಟಸ್ವಾಮಿ. ಕಟ್ಟುವಾಗ ಪಕ್ಕದಲ್ಲಿ ಕೂತು ಹುರಿಗಡಲೆ ತಿನ್ನುತ್ತಿದ್ದವಳು ನಾನು.

ಮಳವಳ್ಳಿಯಿಂದ ಮಂಡ್ಯದವರೆಗೆ ಯಾವ ಊರಿನವರು ನಾಟಕ ಆಡಬೇಕೆಂದರೂ ನಮ್ಮ ಜಗುಲಿಗೆ ಬರುತ್ತಿದ್ದರು. ನಾಟಕ ಬರೆದು, ಹಾಡು ಕಟ್ಟಿ, ಉಳುವ ಗಂಡಸರನ್ನು ರಾಜರನ್ನಾಗಿ ಮಾಡುವುದು ಅಪ್ಪನ ಕೆಲಸ. ಬೇರೆ ಮೇಷ್ಟ್ರುಗಳು ತಮ್ಮ ಶ್ರುತಿಗೆ ಹಾಡುವವನನ್ನು ಎಳೆದು ತರುತ್ತಿದ್ದರು. ಅಪ್ಪನದು ತದ್ವಿರುದ್ಧ. ಬಂದವನನ್ನು ಅಂಗಳದಲ್ಲಿ ನಿಲ್ಲಿಸಿ, ‘ಮೊದ್ಲು ನಿನ್ ಎತ್ತ ಕರಿಯಲಾ. ಒಲ್ದಲ್ಲಿ ಎಂಗ್ ಕರಿತೀಯೋ ಅಂಗೇ ಕರಿ’ ಎನ್ನುತ್ತಿದ್ದರು. ಇಲ್ಲದ ಎತ್ತನ್ನು ಮೀಸೆ ಹೊತ್ತ ಗಂಡಸರು ನಾಚಿಕೊಂಡು ಕರೆಯುವುದು, ಪಕ್ಕದ ಕೊಟ್ಟಿಗೆಯ ದನ ಅಂಬಾ ಎಂದು ಓಗೊಡುವುದು, ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುವುದು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಕಣ್ಣು ಮುಚ್ಚಿ, ಆ ಕರೆ ಎಲ್ಲಿ ಏರಿತು, ಎಲ್ಲಿ ಒಡೆಯಿತು ಎಂದು ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಹುಡುಕಿ, ಅದರಿಂದಲೇ ಮಟ್ಟು ಹೊಸೆಯುತ್ತಿದ್ದರು. ಪೂರಿಗಾಲಿಯ ನಿಂಗೇಗೌಡ ಬಂದು ‘ಬಾಲಾ ಕರಿಯಾ’ ಎಂದು ತನ್ನ ಕರಿ ಎತ್ತನ್ನು ಕರೆದ ಕರೆಯೇ ‘ಅಳಬೇಡ ಮಗಳೇ’ ಆಯಿತು. ಕೆರೆಯ ತೂಬು ಕಾಯುತ್ತಾ ಇರಿತಕ್ಕೆ ಬಿದ್ದ ಪಾಳೇಗಾರ ಪ್ರಾಣ ಬಿಡುವ ಮುನ್ನ ಮಗಳಿಗೆ ಹೇಳುವ ಹಾಡು ಅದು.

ನಮ್ಮ ಸೀಮೆಯ ನಾಟಕದಲ್ಲಿ ಸಾಯುವುದು ಸುಲಭವಲ್ಲ. ಹಾಡು ಮುಗಿಸಿ ಪಾಳೇಗಾರನ ವೇಷದ ನಿಂಗೇಗೌಡ ಸತ್ತು ಬೀಳುತ್ತಿದ್ದ. ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಅವನು ಎದ್ದು ಕಿರೀಟ ಸರಿಮಾಡಿಕೊಂಡು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ. ನಗುವವರು ನಗಲಿ. ಹೆಣ ಎದ್ದು ಹಾಡುವಷ್ಟು ಚೆಂದದ ಮಟ್ಟು ನಿಮ್ಮಲ್ಲಿ ಯಾರಪ್ಪ ಕಟ್ಟಿದ್ದಾರೆ, ಹೇಳಿ.

ಆಮೇಲೆ ಕಾಲ ತಿರುಗಿತು. ಅದೇ ನಿಂಗೇಗೌಡ ಒಂದು ಸಂಜೆ ಬಂದು, ಜಗುಲಿಯ ಅಂಚಿಗೆ ಕೂತು ತಲೆ ಕೆರೆದುಕೊಂಡ. ‘ಮೇಷ್ಟ್ರೇ, ಈಗಿನ್ ಐಕ್ಳು ಸಿನ್ಮಾ ಮಟ್ಟೇ ಬೇಕು ಅಂತಾವೆ. ಮಾತು ನಿಮ್ದೇ ಇರ್ಲಿ, ಮಟ್ಟು ಒಸಿ ಬದ್ಲಾಯ್ಸಿ ಬುಡಿ.’

ಅಪ್ಪ ಹಾರ್ಮೋನಿಯಂ ಮುಚ್ಚಳ ಹಾಕಿದರು. ‘ಸಿನ್ಮಾ ಬೇಕಾದ್ರೆ ಟೆಂಟ್‌ಗೋಗ್ಲಾ. ನಿನ್ ಗಂಟ್ಲಲ್ಲಿ ಇಲ್ದೇ ಇರೋದ್ನ ನಾನು ನುಡ್ಸಾಕಿಲ್ಲ.’

ನಿಂಗೇಗೌಡ ಎದ್ದು ಹೋದ. ಅವನ ಹಿಂದೆ ಒಂದೊಂದೇ ಊರು ಹೋಯಿತು. ಕೀಬೋರ್ಡ್ ಮೇಷ್ಟ್ರುಗಳು ಬಂದರು, ನಮ್ಮ ಜಗುಲಿ ಬಿಕೋ ಎಂದಿತು. ‘ಒಸಿ ತಗ್ಗಿ ನಡುದ್ರೆ ಏನ್ ಗಂಟೋಯ್ತಿತ್ತು?’ ಎಂದು ಅಮ್ಮ ಒಲೆಯ ಮುಂದೆ ಗೊಣಗುತ್ತಿದ್ದಳು. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಹಾರ್ಮೋನಿಯಂ ಒರೆಸಿ, ಯಾರೂ ಕೇಳದ ಮಟ್ಟುಗಳನ್ನು ನುಡಿಸುತ್ತಿದ್ದರು. ಅದನ್ನು ಹಟ ಎಂದವರುಂಟು. ಹೌದು, ಹಟವೇ. ಆ ಹಟದ ಮೇಲೆ ನನಗೆ ಇವತ್ತಿಗೂ ಹೆಮ್ಮೆ. ಆದರೆ ಅವರ ಕಡೆಗಾಲದಲ್ಲಿ ನನ್ನನ್ನು ಕರೆದು, ‘ಇವೆಲ್ಲ ನನ್ ಜೊತೇಲೇ ಓಯ್ತವೇನವ್ವಾ?’ ಎಂದು ಕೇಳಿದರು.

ಅಪ್ಪನನ್ನು ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಪೂರಿಗಾಲಿಯಿಂದ ಬಸ್ಸು ಹತ್ತಿ ಬಂದಿದ್ದ ನಿಂಗೇಗೌಡ ಗುಂಡಿಯ ಪಕ್ಕ ನಿಂತು, ಯಾರ ಅಪ್ಪಣೆಯನ್ನೂ ಕೇಳದೆ, ‘ಅಳಬೇಡ ಮಗಳೇ’ ಎತ್ತಿದ. ಅಪ್ಪನ ಮಟ್ಟೇ, ಒಂದು ಎಳೆಯೂ ಬದಲಿಲ್ಲ. ಹಾಡು ಮುಗಿಯುತ್ತಿದ್ದಂತೆ, ಹಿಂದೆ ನಿಂತಿದ್ದ ಮುದುಕರೊಬ್ಬರು ಎಂದಿನ ಅಭ್ಯಾಸಬಲದಿಂದ ‘ಒನ್ಸ್ ಮೋರ್’ ಎಂದುಬಿಟ್ಟರು. ಎಲ್ಲರೂ ಗಾಬರಿಯಿಂದ ತಿರುಗಿ ನೋಡಿದರು. ನಿಂಗೇಗೌಡ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಹಾಡಿದ. ಹುಚ್ಚು ಅಂದರೆ ಹುಚ್ಚು, ನಾನು ಆ ಗುಂಡಿಯನ್ನೇ ನೋಡುತ್ತಿದ್ದೆ. ಅಪ್ಪ ಏಳಲಿಲ್ಲ.

ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ. ಹಾರ್ಮೋನಿಯಂ ಗೆದ್ದಲು ಹಿಡಿದು ಹೋಯಿತು. ನಿಂಗೇಗೌಡನೂ ತನ್ನ ಹೊಲದ ಮಣ್ಣು ಸೇರಿದ. ಹೋಗಲಿ, ಮನುಷ್ಯರು ಹೋಗುತ್ತಾರೆ. ಆದರೆ ಹೆಸರನ್ನೂ ಹೂತುಹಾಕಲು ನಾನು ಬಿಡುವವಳಲ್ಲ. ಛತ್ರದಲ್ಲಿ ಹುಡುಗಿ ಹಾಡು ಮುಗಿಸುತ್ತಿದ್ದಂತೆ ಎದ್ದು ನಿಂತು, ‘ಒನ್ಸ್ ಮೋರ್’ ಎಂದು ಕೂಗಿದೆ. ಊಟದ ಸಾಲಿನವರೆಲ್ಲ ಕತ್ತು ಹೊರಳಿಸಿದರು. ನಾನು ನೇರ ವೇದಿಕೆ ಹತ್ತಿದೆ. ‘ಇನ್ನೊಂದ್ಸಲ ಹಾಡವ್ವ. ಹನಕೆರೆ ಪುಟ್ಟಸ್ವಾಮಿ ಮೇಷ್ಟ್ರು ಕಟ್ಟಿದ್ದು ಅಂತ ಹೇಳ್ಬುಟ್ಟು ಹಾಡು. ನಾನು ಅವ್ರ ಮಗಳು ಕಣವ್ವ.’

ಹುಡುಗಿ ನನ್ನ ಮುಖ ನೋಡಿದಳು. ಮೈಕಿನಲ್ಲಿ ಹೆಸರು ಹೇಳಿದಳು, ಊರನ್ನೂ ಸೇರಿಸಿ. ಆಮೇಲೆ ಹಾಡಿದಳು. ‘ಮಗಳೇ’ ಎಂದು ಎಳೆಯುವಲ್ಲಿ ಅವಳ ದನಿ ಏರಿತು, ಏರಿದಲ್ಲೇ ಒಂದಿಷ್ಟು ಒಡೆಯಿತು. ಪೂರಿಗಾಲಿಯ ಆ ಕರಿಯ ಎತ್ತು ಸತ್ತು ಎಷ್ಟು ಕಾಲವಾಯಿತೋ. ಅದನ್ನು ಕರೆದ ಕರೆ ಹಾಗೇ ಇತ್ತು.